ಭರ್ತೃವೇ ಭರ್ತವ್ಯನಾದಾಗ: ವಿವಾಹವಿಚ್ಛೇದದಲ್ಲಿ ವ್ಯಾಧಿಯೂ ಜೀವನಾಂಶವೂ

ಸಂಸ್ಕೃತದಲ್ಲಿ ಗಂಡನಿಗೆ ಭರ್ತೃ ಎಂದೂ ಹೆಂಡತಿಗೆ ಭಾರ್ಯೆ ಎಂದೂ ಹೆಸರಿರುವುದು ವಾಚಕರಿಗೆ ವಿದಿತವಾಗಿಯೇ ಇದೆ. ಈ ಎರಡು ಶಬ್ದಗಳೂ ಧಾರಣ, ಪೋಷಣ ಎಂಬರ್ಥವುಳ್ಳ ‘ಭೃ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಪೊರೆಯುವವನು ಭರ್ತೃ, ಪೊರೆಯಲ್ಪಡತಕ್ಕವಳು ಭಾರ್ಯೆ. ಅದೇ ಧಾತುವಿಗೆ ಬೇರೊಂದು ಪ್ರತ್ಯಯ ಸೇರಿ ಆಳು ಎಂಬರ್ಥದ ಭೃತ್ಯಶಬ್ದವಾಗಿದೆ. ಮತ್ತೊಂದು ಪ್ರತ್ಯಯ ಸೇರಿ ಭರ್ತವ್ಯಶಬ್ದವಾಗಿದೆ. ಪೋಷಣೆಗೆ ಅರ್ಹರಾದವರನ್ನು ಧರ್ಮಶಾಸ್ತ್ರಕಾರರು ಭರ್ತವ್ಯರೆಂದು ಕರೆದಿದ್ದಾರೆ. ಹೀಗಿರಲು, ಮನೆಗೆ ಗಳಿಸಿ ತರುತ್ತಿದ್ದವನ ಆರೋಗ್ಯವು ಕೆಟ್ಟು ಅವನೇ ಇತರರ ಪೋಷಣೆಯನ್ನು ಬಯಸಬೇಕಾದ ಸ್ಥಿತಿ ಒದಗಿದಾಗ, ಅದೇ ಕಾಲದಲ್ಲಿ ದಂಪತಿಗಳ ಸಂಬಂಧವೂ ಕಡಿದುಹೋಗುವುದಾದರೆ, ಯಾರು ಯಾರನ್ನು ಪೊರೆಯಬೇಕು? ಈ ಪ್ರಶ್ನೆಗೆ ನಮ್ಮ ಸ್ಮೃತಿಗಳಲ್ಲಿಯೂ ಈಗ ನಡೆಯುತ್ತಿರುವ ಕಾಯಿದೆಯಲ್ಲಿಯೂ ದೊರೆಯುವ ಉತ್ತರವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿಷಯವು ಸ್ಪಷ್ಟವಾಗುವುದಕ್ಕಾಗಿ ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ಒಬ್ಬನು ಲಾರಿ ನಡೆಸಿ ತಿಂಗಳಿಗೆ ೩೦,೦೦೦ ರೂಪಾಯಿ ಗಳಿಸುತ್ತಿದ್ದನು. ಹೆಂಡತಿ ಮನೆಯಲ್ಲಿ ಬಟ್ಟೆ ಹೊಲಿದು ೮,೦೦೦ ರೂಪಾಯಿ ಸಂಪಾದಿಸುತ್ತಾಳೆ. ೧೪ ವರ್ಷದ ಮಗಳೊಬ್ಬಳು ಇದ್ದಾಳೆ. ದಂಪತಿಗಳಲ್ಲಿ ವೈಮನಸ್ಯವು ಬಹುಕಾಲದಿಂದ ಬೆಳೆದುಬಂದಿದೆ. ಈ ಮಧ್ಯೆ ಅವನ ಮೂತ್ರಪಿಂಡಗಳು ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂಬ ರಕ್ತಶೋಧನ ಚಿಕಿತ್ಸೆಗೆ ಹೋಗಬೇಕಾಗಿ, ಲಾರಿಯ ಕೆಲಸವು ನಿಂತುಹೋಯಿತು. ಅವನ ಹೆಸರಿನಲ್ಲಿ ಒಂದು ಮನೆಯಿದೆ. ಅದರ ಮುಂಭಾಗದ ಬಾಡಿಗೆಯಿಂದ ೯,೦೦೦ ರೂಪಾಯಿ ಬರುತ್ತದೆ. ಇವರು ಈಗ ಬೇರೆಯಾಗಬೇಕೆಂದಿದ್ದಾರೆ. ಹೆಂಡತಿಯು ಜೀವನಾಂಶವನ್ನು ಕೇಳಿದರೆ ಗಂಡನು ತನ್ನ ಹಾಸಿಗೆಯನ್ನು ತೋರಿಸುತ್ತಾನೆ. ಗಂಡನು ಶುಶ್ರೂಷೆಯನ್ನು ಕೇಳಿದರೆ ಹೆಂಡತಿಯು ತನ್ನ ಕಳೆದುಹೋದ ವರ್ಷಗಳನ್ನು ತೋರಿಸುತ್ತಾಳೆ. ಇಬ್ಬರ ಮಾತೂ ಸುಳ್ಳಲ್ಲ. ವ್ಯವಹಾರನಿರ್ಣಯವು ಕಷ್ಟವಾಗುವುದು ಇಂತಹ ಕಡೆಯಲ್ಲಿಯೇ.

ಈ ವಿವಾದವು ಹೊಸದೆಂದು ತಿಳಿಯಲಾಗದು. ಮಹಾಭಾರತದ ಆದಿಪರ್ವದಲ್ಲಿ ಭೀಷ್ಮನು ಸತ್ಯವತಿಗೆ ದೀರ್ಘತಮಸ್ಸಿನ ಕಥೆಯನ್ನು ಹೇಳುತ್ತಾನೆ. ಹುಟ್ಟುಗುರುಡನಾದ ಆ ಋಷಿಯು ಪ್ರದ್ವೇಷಿ ಎಂಬವಳನ್ನು ವಿವಾಹವಾಗಿ ಗೌತಮನೇ ಮೊದಲಾದ ಮಕ್ಕಳನ್ನು ಪಡೆದನು. ಪ್ರಚಲಿತ ಪಾಠದಂತೆ, ತನ್ನನ್ನು ಏಕೆ ದ್ವೇಷಿಸುವೆಯೆಂದು ಅವನು ಕೇಳಿದಾಗ ಪ್ರದ್ವೇಷಿಯು ಕೊಡುವ ಉತ್ತರವು ಶಬ್ದಶಾಸ್ತ್ರಜ್ಞರು ಗಮನಿಸತಕ್ಕದ್ದಾಗಿದೆ. ಪೋಷಿಸುವುದರಿಂದ ಭರ್ತೃವೆಂದೂ ಪಾಲಿಸುವುದರಿಂದ ಪತಿಯೆಂದೂ ಹೆಸರು. ಇಲ್ಲಿಯಾದರೋ ಕುರುಡನಾದ ನಿನ್ನನ್ನೂ ಮಕ್ಕಳನ್ನೂ ನಾನೇ ಪೊರೆದು ದಣಿದಿದ್ದೇನೆ, ಇನ್ನು ಪೊರೆಯಲಾರೆ ಎಂಬುದು ಅವಳ ಮಾತಿನ ಸಾರಾಂಶ. ತನ್ನನ್ನು ಕ್ಷತ್ರಿಯರ ಮನೆಗೆ ಕರೆದೊಯ್ದರೆ ಧನವು ದೊರೆಯುವುದೆಂದು ಅವನು ಹೇಳುತ್ತಾನೆ. ಅವಳು ಅದನ್ನೂ ಬೇಡವೆನ್ನುತ್ತಾಳೆ. ಆಗ ಅವನು ಕೋಪದಿಂದ, ಸ್ತ್ರೀಗೆ ಜೀವವಿರುವವರೆಗೂ ಒಬ್ಬನೇ ಪತಿಯೆಂಬ ಮರ್ಯಾದೆಯನ್ನು ಲೋಕದಲ್ಲಿ ಸ್ಥಾಪಿಸುತ್ತಾನೆ. ಅವಳ ಮಾತಿನಂತೆ ಮಕ್ಕಳು ಅವನನ್ನು ತೆಪ್ಪಕ್ಕೆ ಕಟ್ಟಿ ಗಂಗೆಯಲ್ಲಿ ತೇಲಿಬಿಡುತ್ತಾರೆ. ಬಲಿರಾಜನು ಅವನನ್ನು ಮೇಲೆತ್ತಿ ಕಾಪಾಡುತ್ತಾನೆ.

ಈ ಕಥೆಯಲ್ಲಿ ಪ್ರಕೃತ ವಿಷಯಕ್ಕೆ ಬೇಕಾದ ಎರಡು ಅಂಶಗಳಿವೆ. ಮೊದಲನೆಯದು ಪ್ರದ್ವೇಷಿಯ ಯುಕ್ತಿ. ಕ್ರಿಯೆಯಿಲ್ಲದಿದ್ದರೆ ಕರ್ತೃತ್ವವಿಲ್ಲ, ಭರಣವಿಲ್ಲದಿದ್ದರೆ ಭರ್ತೃತ್ವವಿಲ್ಲ, ಆದುದರಿಂದ ತನಗೂ ಅವನಿಗೂ ಸಂಬಂಧವಿಲ್ಲ ಎಂಬುದು ಅವಳ ವಾದದ ಮುಖ. ಇದಕ್ಕೆ ವೈಯಾಕರಣರ ಕಡೆಯಿಂದ ಸಮಾಧಾನವನ್ನು ಹೇಳಬಹುದು. ಅಡಿಗೆ ಮಾಡದೆ ಕುಳಿತಿರುವ ಹೊತ್ತಿನಲ್ಲಿಯೂ ಪಾಚಕನನ್ನು ಪಾಚಕನೆಂದೇ ಕರೆಯುತ್ತೇವೆ. ಯೋಗಾರ್ಥವು ತಪ್ಪಿದರೂ ರೂಢಿಯು ನಿಲ್ಲುತ್ತದೆ. ಅಂತೆಯೇ, ಗಳಿಸಲಾರದವನಾದ ಮಾತ್ರಕ್ಕೆ ಗಂಡನು ಗಂಡನಲ್ಲದೆ ಹೋಗುವುದಿಲ್ಲ. ಆದರೆ ಈ ಸಮಾಧಾನವು ಹೆಸರನ್ನು ಉಳಿಸುತ್ತದೆಯೇ ಹೊರತು ಅನ್ನವನ್ನು ತಂದುಕೊಡುವುದಿಲ್ಲ. ಎರಡನೆಯ ಅಂಶವು ಇದಕ್ಕಿಂತ ಮುಖ್ಯವಾದುದು. ಪ್ರದ್ವೇಷಿಯು ಕೇಳಿದ ಪ್ರಶ್ನೆ ಭರಣದ್ದು. ದೀರ್ಘತಮಸ್ಸು ಕೊಟ್ಟ ಉತ್ತರ ಪುನರ್ವಿವಾಹದ್ದು. ಅವಳ ಶ್ರಮಕ್ಕೆ ಬೆಲೆಯೇನು, ಆ ಶ್ರಮವನ್ನು ಇನ್ನು ಹೊರಬೇಕಾದವರು ಯಾರು ಎಂಬುದಕ್ಕೆ ಆ ಮರ್ಯಾದೆಯಲ್ಲಿ ಉತ್ತರವಿಲ್ಲ. ಉತ್ತರವಿಲ್ಲದುದರಿಂದಲೇ ಕಥೆಯು ಗಂಗೆಯ ತೆಪ್ಪದವರೆಗೂ ಹೋಯಿತು.

ಇನ್ನು ಸ್ಮೃತಿಗಳನ್ನು ನೋಡೋಣ. ಗಂಡನ ವ್ಯಾಧಿಯು ಅವನನ್ನು ಬಿಡುವುದಕ್ಕೆ ಕಾರಣವಾಗಬಲ್ಲುದೇ ಎಂಬುದು ಮೊದಲ ಪ್ರಶ್ನೆ. ಸ್ತ್ರೀಗೆ ಬೇರೆ ಪತಿಯನ್ನು ಅನುಮತಿಸುವ ಐದು ಆಪತ್ತುಗಳನ್ನು ನಾರದಸ್ಮೃತಿಯೂ ಪರಾಶರಸ್ಮೃತಿಯೂ ಎಣಿಸಿವೆ: ಪತಿಯು ಕಾಣೆಯಾಗುವುದು, ಮೃತನಾಗುವುದು, ಸಂನ್ಯಾಸಿಯಾಗುವುದು, ಕ್ಲೀಬನಾಗುವುದು, ಪತಿತನಾಗುವುದು. ಸಾಮಾನ್ಯವಾದ ರೋಗವು ಈ ಎಣಿಕೆಯಲ್ಲಿಲ್ಲ. ಪರಾಶರವಚನವನ್ನು ವ್ಯಾಖ್ಯಾನಿಸಿದ ಮಾಧವಾಚಾರ್ಯರು ಇದನ್ನೂ ಯುಗಾಂತರಕ್ಕೆ ಸಂಬಂಧಿಸಿದ್ದೆಂದು ಹೇಳಿ ಬಾಗಿಲನ್ನು ಮುಚ್ಚಿದ್ದಾರೆ. ಮೈಸೂರಿನ ಪ್ರಾಚ್ಯಪುಸ್ತಕ ಭಂಡಾರದಲ್ಲಿದ್ದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಪರಸ್ಪರದ್ವೇಷದಿಂದ ಮೋಕ್ಷವನ್ನು, ಎಂದರೆ ಬಿಡುಗಡೆಯನ್ನು, ಒಪ್ಪುತ್ತದೆ. ಆದರೆ ಧರ್ಮವಿವಾಹಗಳಲ್ಲಿ ಅದನ್ನು ನಿಷೇಧಿಸುತ್ತದೆ. ಅಲ್ಲಿಯೂ ಪತಿಯನ್ನು ಬಿಡುವುದಕ್ಕೆ ಹೇಳಿದ ಕಾರಣಗಳಲ್ಲಿ ರೋಗವಿಲ್ಲ.

ಮನುಸ್ಮೃತಿಯು ಒಂದು ವಿವೇಚನೆಯನ್ನು ಮಾಡಿದೆ. ರೋಗಪೀಡಿತನಾದ ಗಂಡನನ್ನು ಅತಿಕ್ರಮಿಸಿದವಳಿಗೆ ಮೂರು ತಿಂಗಳ ಪರಿತ್ಯಾಗವನ್ನು ವಿಧಿಸಿ, ಉನ್ಮತ್ತ, ಪತಿತ, ಪಾಪರೋಗಿ ಮೊದಲಾದವರನ್ನು ದ್ವೇಷಿಸುವವಳಿಗೆ ಆ ದಂಡನೆಯಿಲ್ಲವೆಂದು ಹೇಳುತ್ತದೆ. ಎಂದರೆ ರೋಗರೋಗಗಳಲ್ಲಿ ತಾರತಮ್ಯವಿದೆಯೆಂಬುದನ್ನು ಸ್ಮೃತಿಯು ಅರಿತಿತ್ತು. ಅದೇ ಅಧ್ಯಾಯದಲ್ಲಿ, ರೋಗಿಣಿಯಾದರೂ ಶೀಲವತಿಯಾದ ಹೆಂಡತಿಯಿರುವಾಗ ಅವಳ ಒಪ್ಪಿಗೆಯಿಂದಲೇ ಗಂಡನು ಮತ್ತೊಬ್ಬಳನ್ನು ವಿವಾಹವಾಗಬಹುದೆಂದೂ ಅವಳನ್ನು ಎಂದಿಗೂ ಅವಮಾನಿಸಬಾರದೆಂದೂ ಹೇಳಿದೆ. ಇಲ್ಲಿ ಗಂಡುಹೆಣ್ಣುಗಳಿಗೆ ಸಮಾನವಾದ ಅಳತೆಯಿಲ್ಲವೆಂಬುದು ಸ್ಪಷ್ಟ. ರೋಗಿಣಿಯ ಗಂಡನಿಗೆ ಎರಡನೆಯ ಮನೆಯ ದಾರಿಯಿತ್ತು. ರೋಗಿಯ ಹೆಂಡತಿಗೆ ಅದಿರಲಿಲ್ಲ. ಆದರೆ ಶಾಸ್ತ್ರವಚನವೊಂದೇ ಲೋಕದ ನಡೆವಳಿಯಾಗಿರಲಿಲ್ಲವೆಂಬುದನ್ನೂ ಮರೆಯತಕ್ಕದ್ದಲ್ಲ. ಕನ್ನಡನಾಡಿನ ಅನೇಕ ಸಮುದಾಯಗಳಲ್ಲಿ ಪಂಚಾಯಿತಿಯ ಮುಂದೆ ಬಿಡುಗಡೆಯೂ, ಉಡಿಕೆ, ಕೂಡಿಕೆ ಎಂಬ ಹೆಸರುಗಳಿಂದ ಮರುಮದುವೆಯೂ ನಡೆದುಬಂದಿವೆ.

ಬಿಡುವುದಕ್ಕೆ ಕಾರಣವೇನೆಂಬುದು ಒಂದು ಪ್ರಶ್ನೆ. ಬಿಟ್ಟ ಮೇಲೆ ಭರಣವೇನೆಂಬುದು ಮತ್ತೊಂದು. ಈ ಎರಡನೆಯದಕ್ಕೆ ಯಾಜ್ಞವಲ್ಕ್ಯಸ್ಮೃತಿಯೂ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಅದಕ್ಕೆ ಬರೆದ ಮಿತಾಕ್ಷರಾವ್ಯಾಖ್ಯಾನವೂ ಸಹಾಯಕವಾಗಿವೆ. ಆಚಾರಾಧ್ಯಾಯದಲ್ಲಿ ಯಾಜ್ಞವಲ್ಕ್ಯನು, ಹೇಳಿದಂತೆ ನಡೆಯುವ, ದಕ್ಷಳಾದ, ಪುತ್ರವತಿಯಾದ, ಪ್ರಿಯವಾದಿನಿಯಾದ ಹೆಂಡತಿಯನ್ನು ಬಿಡುವವನಿಂದ ಅವನ ಧನದ ಮೂರನೆಯ ಒಂದು ಅಂಶವನ್ನು ಅವಳಿಗೆ ಕೊಡಿಸಬೇಕೆಂದೂ, ಅವನು ದ್ರವ್ಯಹೀನನಾಗಿದ್ದರೆ ಭರಣವನ್ನು ಕೊಡಿಸಬೇಕೆಂದೂ ವಿಧಿಸಿದ್ದಾನೆ. ಈ ಭರಣವೆಂದರೆ ಗ್ರಾಸಾಚ್ಛಾದನಾದಿಗಳು, ಅನ್ನಬಟ್ಟೆಗಳು, ಎಂದು ವಿಜ್ಞಾನೇಶ್ವರನ ವಿವರಣೆ.

ಈ ವಿಧಿಯಲ್ಲಿ ಎರಡು ಮೆಟ್ಟಲುಗಳಿರುವುದನ್ನು ಲಕ್ಷಿಸಬೇಕು. ದ್ರವ್ಯವಿದ್ದವನು ದ್ರವ್ಯದಲ್ಲಿ ಪಾಲನ್ನು ಕೊಡತಕ್ಕದ್ದು. ಇಲ್ಲದವನು ಅನ್ನಬಟ್ಟೆಯನ್ನು ಕೊಡತಕ್ಕದ್ದು. ದ್ರವ್ಯವಿಲ್ಲದವನು ಅನ್ನಬಟ್ಟೆಯನ್ನಾದರೂ ಎಲ್ಲಿಂದ ತಂದಾನು? ದುಡಿದು ತರಬೇಕು. ಆದುದರಿಂದ ಎರಡನೆಯ ಮೆಟ್ಟಲಿನಲ್ಲಿ, ದುಡಿಯಬಲ್ಲ ದೇಹವೂ ಒಂದು ದ್ರವ್ಯವೆಂಬ ಅಭಿಪ್ರಾಯವು ಬಾಯಿಬಿಟ್ಟು ಹೇಳದೆಯೇ ಅಡಗಿದೆ. ಹಾಗಾದರೆ ದ್ರವ್ಯವೂ ಇಲ್ಲದೆ, ದೇಹವೂ ದುಡಿಯಲಾರದೆ ಹೋದರೆ ಗತಿಯೇನು ಎಂಬ ಶಂಕೆಗೆ ಆ ಶ್ಲೋಕದಲ್ಲಿ ಉತ್ತರವಿಲ್ಲ.

ಉತ್ತರವನ್ನು ವ್ಯವಹಾರಾಧ್ಯಾಯದ ದಾಯವಿಭಾಗಪ್ರಕರಣದಲ್ಲಿ ಹುಡುಕಬೇಕು. ಅಲ್ಲಿ ಕ್ಲೀಬ, ಪತಿತ, ಪಂಗು, ಉನ್ಮತ್ತ, ಅಂಧ ಮೊದಲಾದವರೊಡನೆ ಅಚಿಕಿತ್ಸ್ಯರೋಗಿಯನ್ನೂ ಸೇರಿಸಿ, ಇವರಿಗೆ ಪಾಲಿಲ್ಲ, ಆದರೆ ಇವರು ಭರ್ತವ್ಯರು ಎಂದು ಹೇಳಿದೆ. ಅಚಿಕಿತ್ಸ್ಯರೋಗಕ್ಕೆ ವಿಜ್ಞಾನೇಶ್ವರನು ಕ್ಷಯವೇ ಮೊದಲಾದವುಗಳನ್ನು ಉದಾಹರಿಸುತ್ತಾನೆ. ಇವರನ್ನು ಪೋಷಿಸದವರಿಗೆ ಪಾತಿತ್ಯದೋಷವನ್ನು ಹೇಳುತ್ತಾನೆ. ದೋಷವು ವಿಭಾಗಕ್ಕೆ ಮುಂಚೆ ಇದ್ದರೆ ಮಾತ್ರ ಅಂಶಹಾನಿಯೆಂದೂ, ಆಮೇಲೆ ಔಷಧಾದಿಗಳಿಂದ ಗುಣವಾದರೆ ಅಂಶವು ದೊರೆಯುವುದೆಂದೂ ನಿರ್ಣಯಿಸುತ್ತಾನೆ. ಮುಂದಿನ ವಚನಗಳಲ್ಲಿ ಇಂತಹವರ ಹೆಣ್ಣುಮಕ್ಕಳನ್ನು ವಿವಾಹದವರೆಗೂ, ಪುತ್ರರಿಲ್ಲದ ಪತ್ನಿಯರನ್ನು ಸದ್ವೃತ್ತಿಯಲ್ಲಿರುವವರೆಗೂ ಪೋಷಿಸಬೇಕೆಂದು ವಿಧಿಸಿದೆ.

ರೋಗಿಗೆ ದಾಯಭಾಗವಿಲ್ಲವೆಂಬ ಅಂಶವು ಈಗ ಕಾಯಿದೆಯಲ್ಲಿ ಉಳಿದಿಲ್ಲ. ೧೯೨೮ರ ಕಾಯಿದೆಯು ಅದನ್ನು ಬಹುಮಟ್ಟಿಗೆ ತೆಗೆದುಹಾಕಿತು. ೧೯೫೬ರ ಹಿಂದೂ ಉತ್ತರಾಧಿಕಾರದ ಕಾಯಿದೆಯು ಯಾವ ರೋಗವೂ ಅಂಗವೈಕಲ್ಯವೂ ಉತ್ತರಾಧಿಕಾರಕ್ಕೆ ಅಡ್ಡಿಯಲ್ಲವೆಂದು ಸಾರಿತು. ನಮಗೆ ಬೇಕಾದುದು ಆ ವಚನದ ಉತ್ತರಾರ್ಧ. ದಾಯವಿಭಾಗದ ಮಾತನ್ನು ವಿವಾಹವಿಚ್ಛೇದಕ್ಕೆ ಎಳೆಯುವುದು ಪ್ರಕರಣವಿರೋಧವೆಂದು ಶಂಕಿಸಬಹುದು. ಆ ವಚನವು ವಿಚ್ಛೇದವನ್ನು ವಿಧಿಸುತ್ತದೆಂದು ನಾವು ಹೇಳುವುದಿಲ್ಲ. ಎರಡು ವಚನಗಳ ಹಿಂದಿರುವ ಹೇತುವು ಸಮಾನವೆಂದಷ್ಟೇ ಹೇಳುತ್ತೇವೆ. ಆ ಹೇತುವೇನೆಂದರೆ, ಭರಣದ ಭಾರವು ಧನವನ್ನು ಹಿಂಬಾಲಿಸುತ್ತದೆ ಎಂಬುದು. ರೋಗಿಯ ಪಾಲಿನ ಧನವನ್ನು ಹಿಡಿದವರೇ ರೋಗಿಯನ್ನೂ ಅವನ ಹೆಂಡತಿಮಕ್ಕಳನ್ನೂ ಪೊರೆಯಬೇಕು. ಹೆಂಡತಿಯನ್ನು ಬಿಟ್ಟವನು ಧನಿಕನಾದರೆ ಧನದಿಂದ, ಬಡವನಾದರೆ ದುಡಿಮೆಯಿಂದ ಪೊರೆಯಬೇಕು. ದುಡಿಮೆಯೂ ನಿಂತಲ್ಲಿ ಅವನೂ ಭರ್ತವ್ಯರ ಪಂಕ್ತಿಗೆ ಸೇರುತ್ತಾನೆ. ಹೀಗೆ ಏಕವಾಕ್ಯತೆಯನ್ನು ಮಾಡಿದರೆ, ವ್ಯಾಧಿಯು ಭರಣದ ಪರಿಮಾಣವನ್ನು ಬದಲಿಸುತ್ತದೆ, ಒಮ್ಮೊಮ್ಮೆ ಅದರ ದಿಕ್ಕನ್ನೂ ಬದಲಿಸುತ್ತದೆ. ಭರಣಧರ್ಮವನ್ನು ಮಾತ್ರ ಅಳಿಸುವುದಿಲ್ಲ ಎಂಬುದು ಸಿದ್ಧವಾಗುತ್ತದೆ.

ಈಗಿನ ಕಾಯಿದೆಯು ಈ ಸಿದ್ಧಾಂತಕ್ಕೆ ಎಷ್ಟರಮಟ್ಟಿಗೆ ಹೊಂದಿಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸೋಣ. ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಮುಂತಾದ ಜಿಲ್ಲೆಗಳ ಹಿಂದೂಗಳಿಗೆ ೧೯೪೭ರ ಮುಂಬಯಿ ಕಾಯಿದೆಯಿಂದಲೂ, ಮದರಾಸು ಆಧಿಪತ್ಯದ ದಕ್ಷಿಣಕನ್ನಡ, ಬಳ್ಳಾರಿಗಳವರಿಗೆ ೧೯೪೯ರ ಮದರಾಸು ಕಾಯಿದೆಯಿಂದಲೂ ವಿಚ್ಛೇದದ ಹಕ್ಕು ಮೊದಲು ಬಂದಿತು. ೧೯೫೫ರ ಹಿಂದೂ ವಿವಾಹದ ಕಾಯಿದೆಯು ಅದನ್ನು ವ್ಯಾಪಕಗೊಳಿಸಿತು. ರೂಢಿಯಿಂದ ಬಂದ ಬಿಡುಗಡೆಯ ಹಕ್ಕನ್ನೂ ತನ್ನ ೨೯ನೆಯ ಕಲಮಿನಲ್ಲಿ ಕಾಪಾಡಿತು. ಈ ಕಾಯಿದೆಯ ೧೩ನೆಯ ಕಲಮಿನಂತೆ ಹೃದ್ರೋಗ, ಪಾರ್ಶ್ವವಾಯು, ಮೂತ್ರಪಿಂಡದ ರೋಗ ಮೊದಲಾದವು ವಿಚ್ಛೇದಕ್ಕೆ ಕಾರಣಗಳಲ್ಲ. ಅಂಟುವ ಸ್ಥಿತಿಯಲ್ಲಿರುವ ಗುಹ್ಯರೋಗವೂ, ಕೂಡಿ ಬಾಳಲಾಗದಷ್ಟು ತೀವ್ರವಾದ ಮನೋವಿಕಾರವೂ ಕಾರಣಗಳಾಗಿವೆ. ಮನೋರೋಗದ ಹೆಸರು ಮಾತ್ರ ಸಾಲದು, ಅದರ ತೀವ್ರತೆಯನ್ನು ಸಾಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ ಹೇಳಿತು. ಕುಷ್ಠರೋಗವೂ ಹಿಂದೆ ಕಾರಣವಾಗಿತ್ತು. ೨೦೧೯ರ ತಿದ್ದುಪಡಿಯು ಅದನ್ನು ತೆಗೆದುಹಾಕಿತು. ಆದುದರಿಂದ ನಮ್ಮ ದೃಷ್ಟಾಂತದ ದಂಪತಿಗಳು ಬೇರೆಯಾಗುವುದಾದರೆ ಕ್ರೌರ್ಯ, ಪರಿತ್ಯಾಗ ಮೊದಲಾದ ಬೇರೆ ಕಾರಣವನ್ನು ಸಾಧಿಸಬೇಕು, ಇಲ್ಲವೆ ೧೯೭೬ರಲ್ಲಿ ಸೇರಿದ ಪರಸ್ಪರ ಸಮ್ಮತಿಯ ವಿಧಿಯನ್ನು ಆಶ್ರಯಿಸಬೇಕು.

ಜೀವನಾಂಶಕ್ಕೆ ಬಂದರೆ, ೨೪ನೆಯ ಕಲಮು ವ್ಯಾಜ್ಯ ನಡೆಯುವ ಕಾಲದ ಖರ್ಚನ್ನೂ, ೨೫ನೆಯ ಕಲಮು ಶಾಶ್ವತವಾದ ಜೀವನಾಂಶವನ್ನೂ ಹೇಳುತ್ತವೆ. ಇವೆರಡರಲ್ಲಿಯೂ ಅರ್ಜಿ ಮಾಡುವ ಹಕ್ಕು ಹೆಂಡತಿಗೆ ಇರುವಂತೆ ಗಂಡನಿಗೂ ಇದೆ. ಗಂಡನು ಭರ್ತವ್ಯನಾಗಬಹುದೆಂಬುದನ್ನು ಕಾಯಿದೆಯು ಹೀಗೆ ಸ್ಪಷ್ಟವಾಗಿ ಅಂಗೀಕರಿಸಿದೆ. ೧೮೬೯ರ ವಿಚ್ಛೇದದ ಕಾಯಿದೆಯಲ್ಲಿಯೂ ೧೯೫೪ರ ವಿಶೇಷ ವಿವಾಹದ ಕಾಯಿದೆಯಲ್ಲಿಯೂ ಜೀವನಾಂಶವು ಹೆಂಡತಿಗೆ ಮಾತ್ರ ಮೀಸಲಾಗಿದೆ. ೧೯೭೩ರ ದಂಡಪ್ರಕ್ರಿಯಾಸಂಹಿತೆಯ ೧೨೫ನೆಯ ಕಲಮಿನ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮೂ ಹೆಂಡತಿ, ಮಕ್ಕಳು, ತಂದೆತಾಯಿಗಳನ್ನು ಹೇಳುತ್ತದೆ, ಗಂಡನನ್ನು ಹೇಳುವುದಿಲ್ಲ. ಅಲ್ಲಿ ರೋಗಿಯು ಗಂಡನೆಂಬ ನೆಲೆಯಿಂದ ಬೇಡಲಾಗದಿದ್ದರೂ, ತಂದೆಯೆಂಬ ನೆಲೆಯಿಂದ ಶಕ್ತರಾದ ಮಕ್ಕಳನ್ನು ಬೇಡಬಹುದು. ದಾಂಪತ್ಯವು ಕಡಿದರೂ ಪಿತೃತ್ವವು ಕಡಿಯುವುದಿಲ್ಲ.

ಕೊಡಬೇಕಾದವನ ವ್ಯಾಧಿಯನ್ನು ನ್ಯಾಯಾಲಯಗಳು ಹೇಗೆ ಗಣಿಸುತ್ತವೆ? ಶರೀರವು ದೃಢವಾಗಿದ್ದು ದುಡಿಯಬಲ್ಲ ಗಂಡನು ಆದಾಯವಿಲ್ಲವೆಂಬ ನೆಪದಿಂದ ತಪ್ಪಿಸಿಕೊಳ್ಳಲಾರನೆಂದೂ, ಮೈಮುರಿದು ದುಡಿದಾದರೂ ಹೆಂಡತಿಮಕ್ಕಳನ್ನು ಪೊರೆಯಬೇಕೆಂದೂ ಸರ್ವೋಚ್ಚ ನ್ಯಾಯಾಲಯವು ೨೦೧೫ರಲ್ಲಿಯೂ ೨೦೨೨ರಲ್ಲಿಯೂ ಹೇಳಿದೆ. ದುಡಿಯಬಲ್ಲ ದೇಹವೂ ದ್ರವ್ಯವೆಂಬ ಯಾಜ್ಞವಲ್ಕ್ಯನ ಗೂಢಾಭಿಪ್ರಾಯವೇ ಇಲ್ಲಿ ಪ್ರಕಟವಾಗಿದೆಯೆಂದು ಹೇಳಬಹುದು. ಇದರ ವ್ಯತಿರೇಕವನ್ನೂ ಒಪ್ಪಲೇಬೇಕು. ದೇಹವು ದ್ರವ್ಯವಾಗಿದ್ದರೆ, ಅದು ಕೆಟ್ಟಾಗ ಲೆಕ್ಕದಿಂದ ಆ ಒಂದು ಬಾಬನ್ನು ಕಳೆಯತಕ್ಕದ್ದು. ಅದೊಂದನ್ನು ಮಾತ್ರ ಕಳೆಯತಕ್ಕದ್ದು. ಮನೆ, ನೆಲ, ಬಾಡಿಗೆ, ಪಿಂಚಣಿ, ಭವಿಷ್ಯನಿಧಿ ಎಂಬ ಉಳಿದ ಬಾಬುಗಳು ರೋಗಿಯೊಡನೆ ಹಾಸಿಗೆ ಹಿಡಿಯುವುದಿಲ್ಲ. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚುಗಳನ್ನು ಪ್ರಮಾಣಪತ್ರದ ಮೂಲಕ ಬಯಲುಮಾಡಬೇಕೆಂದು ೨೦೨೦ರ ನವೆಂಬರ್ ೪ರ ತೀರ್ಪು ವಿಧಿಸಿರುವುದು ಈ ಲೆಕ್ಕದ ಸತ್ಯಕ್ಕಾಗಿಯೇ. ರೋಗವನ್ನು ಹೇಳುವವನು ವೈದ್ಯರ ಕಾಗದಗಳನ್ನು ತೋರಿಸಬೇಕಾದಂತೆ ಬಾಡಿಗೆಯ ಕಾಗದವನ್ನೂ ತೋರಿಸಬೇಕು.

ಈ ರೀತಿಯಲ್ಲಿ ನಮ್ಮ ದೃಷ್ಟಾಂತವನ್ನು ಬಿಡಿಸಿ ನೋಡಬಹುದು. ೩೦,೦೦೦ ರೂಪಾಯಿಯ ಗಳಿಕೆಯು ಲೆಕ್ಕದಿಂದ ಬಿದ್ದುಹೋಯಿತು. ೯,೦೦೦ ರೂಪಾಯಿಯ ಬಾಡಿಗೆಯಲ್ಲಿ ಚಿಕಿತ್ಸೆಯ ಖರ್ಚನ್ನು ಕಳೆದು ಉಳಿದುದರಲ್ಲಿ ಹೆಂಡತಿಗೆ ದೊಡ್ಡ ಮಾಸಾಶನವು ಬರಲಾರದು. ಆದರೆ ಮನೆಯಿದೆ. ೨೫ನೆಯ ಕಲಮಿನಂತೆ ಜೀವನಾಂಶದ ಭಾರವನ್ನು ಸ್ಥಿರಾಸ್ತಿಯ ಮೇಲೆ ಹೊರಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಉಭಯರೂ ಒಪ್ಪಿದರೆ ಮನೆಯ ಒಂದು ಭಾಗವನ್ನು ತಾಯಿಮಗಳ ವಾಸಕ್ಕೆ ಬಿಡುವ ಏರ್ಪಾಡನ್ನೂ ಮಾಡಿಕೊಳ್ಳಬಹುದು. ಮಗಳ ಪೋಷಣೆಯಾದರೋ ೧೯೫೬ರ ದತ್ತಕ ಮತ್ತು ಜೀವನಾಂಶದ ಕಾಯಿದೆಯ ೨೦ನೆಯ ಕಲಮಿನಂತೆ ತಂದೆತಾಯಿಗಳಿಬ್ಬರಿಗೂ ಸೇರಿದ ಹೊರೆ. ಇದೇ ಹೆಂಡತಿಯು ಉಪಾಧ್ಯಾಯಿನಿಯಾಗಿ ೪೦,೦೦೦ ರೂಪಾಯಿ ಪಡೆಯುತ್ತಿದ್ದು ಗಂಡನಿಗೆ ಮನೆಯೂ ಇಲ್ಲದಿದ್ದರೆ, ಅರ್ಜಿದಾರನಾಗುವವನು ಗಂಡ. ಶಬ್ದಗಳು ಅವೇ, ಕರ್ತೃಕರ್ಮಗಳು ಅದಲುಬದಲಾದವು.

ವ್ಯಾಧಿಯು ಒಂದೇ ಸ್ಥಿತಿಯಲ್ಲಿ ನಿಲ್ಲತಕ್ಕದ್ದಲ್ಲ. ಈ ಕಾರಣದಿಂದ, ಪರಿಸ್ಥಿತಿಯು ಬದಲಾದರೆ ಆಜ್ಞೆಯನ್ನು ಬದಲಿಸಬಹುದು, ರದ್ದುಮಾಡಲೂಬಹುದು ಎಂಬ ೨೫ನೆಯ ಕಲಮಿನ ಎರಡನೆಯ ಉಪವಿಧಿಯು ಬಹಳ ಮುಖ್ಯವಾದುದು. ೨೦೨೩ರ ಸಂಹಿತೆಯ ೧೪೬ನೆಯ ಕಲಮೂ ಇಂತಹುದೇ. ಔಷಧದಿಂದ ಗುಣವಾದವನಿಗೆ ಅಂಶವು ಮರಳಿ ದೊರೆಯುವುದೆಂಬ ಮಿತಾಕ್ಷರೆಯ ನ್ಯಾಯಕ್ಕೆ ಇದು ಸದೃಶವಾಗಿದೆ. ಗುಣಹೊಂದಿ ಮತ್ತೆ ದುಡಿಯುವವನ ಹೊಣೆಯು ಹೆಚ್ಚಬಹುದು. ಇನ್ನೂ ಕುಗ್ಗಿದವನ ಹೊಣೆಯು ಇಳಿಯಬಹುದು. ಆದರೆ ಆಜ್ಞೆಯನ್ನು ಬದಲಿಸಿಕೊಳ್ಳದೆ ತಾನಾಗಿಯೇ ಕೊಡುವುದನ್ನು ನಿಲ್ಲಿಸಿದರೆ ಬಾಕಿಯು ಬೆಳೆಯುತ್ತಲೇ ಇರುತ್ತದೆ.

ಈ ಸಂದರ್ಭದಲ್ಲಿ ಎಲ್ಲರೂ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ವಿಚ್ಛೇದಿತೆಯು ವಿಧವೆಯಲ್ಲ. ವಿವಾಹವು ಉಳಿದಿರುವಾಗ ಗಂಡನು ಮರಣಶಾಸನವಿಲ್ಲದೆ ತೀರಿಕೊಂಡರೆ ಹೆಂಡತಿಯು ಮಕ್ಕಳೊಡನೆಯೂ ಅವನ ತಾಯಿಯೊಡನೆಯೂ ಮೊದಲ ವರ್ಗದ ಉತ್ತರಾಧಿಕಾರಿಣಿ. ವಿಚ್ಛೇದದ ಆಜ್ಞೆಯಾದ ಮೇಲೆ ಆ ಸ್ಥಾನವು ಹೋಗುತ್ತದೆ. ಆಯುಸ್ಸು ಸಂದಿಗ್ಧವಾಗಿರುವ ರೋಗಿಯಿಂದ ವಿಚ್ಛೇದವನ್ನು ಪಡೆಯುವವಳು, ಬರಬಹುದಾದ ದಾಯವನ್ನು ಬಿಟ್ಟು, ಅವನ ಉಸಿರನ್ನು ಅವಲಂಬಿಸಿದ ಮಾಸಾಶನವನ್ನು ಹಿಡಿಯುತ್ತಾಳೆ. ಆದುದರಿಂದ ಇಂತಹ ವಿಷಯದಲ್ಲಿ ಒಂದೇ ಗಂಟಿನಲ್ಲಿ ಪಡೆಯುವುದೋ, ಆಸ್ತಿಯ ಮೇಲೆ ಭಾರವನ್ನು ಹೊರಿಸಿಕೊಳ್ಳುವುದೋ ಮಾಸಾಶನಕ್ಕಿಂತ ಕ್ಷೇಮಕರವಾಗಬಹುದು. ಆದರೆ ಗಂಟನ್ನು ಕೊಟ್ಟ ರೋಗಿಗೆ ಚಿಕಿತ್ಸೆಗೆ ಉಳಿಯುವುದೇನು ಎಂಬುದನ್ನೂ ಅದೇ ಹೊತ್ತಿನಲ್ಲಿ ನೋಡಬೇಕು. ಒಬ್ಬರ ಭರಣವನ್ನು ಇನ್ನೊಬ್ಬರ ಔಷಧದಿಂದ ಕಿತ್ತುಕೊಡುವುದು ಯಾವ ಶಾಸ್ತ್ರಕ್ಕೂ ಸಂಮತವಲ್ಲ.

ಕನ್ನಡದಲ್ಲಿ ರೂಢವಾಗಿರುವ ಜೀವನಾಂಶವೆಂಬ ಮಾತನ್ನು ಇಲ್ಲಿ ಪರ್ಯಾಲೋಚಿಸುವುದು ಉಚಿತ. ಅಂಶವೆಂದರೆ ಪಾಲು. ದಾನವಾದರೆ ಕೊಡುವವನ ಮನಸ್ಸನ್ನು ನೋಡಬೇಕು. ದಂಡವಾದರೆ ಅವನ ಅಪರಾಧವನ್ನು ನೋಡಬೇಕು. ಪಾಲಾದರೆ, ಇರುವುದೆಷ್ಟು, ಬಾಯಿಗಳೆಷ್ಟು ಎಂಬುದನ್ನು ನೋಡಬೇಕು. ವಿಚ್ಛೇದದ ವ್ಯಾಜ್ಯಗಳಲ್ಲಿ ಕೊಡುವವನು ಇದನ್ನು ದಂಡವೆಂದೂ ಪಡೆಯುವವರು ಸೇಡೆಂದೂ ತಿಳಿಯುವುದರಿಂದಲೇ ರೋಗವು ಒಬ್ಬರಿಗೆ ನೆಪವಾಗಿಯೂ ಇನ್ನೊಬ್ಬರಿಗೆ ಸಂದೇಹವಾಗಿಯೂ ಪರಿಣಮಿಸುತ್ತದೆ. ಕೂಡಿ ಬಾಳಿದ ವರ್ಷಗಳಲ್ಲಿ ಹೆಂಡತಿಯು ಮನೆಗಾಗಿ ಬಿಟ್ಟುಕೊಟ್ಟ ಉದ್ಯೋಗವನ್ನೂ ಗಣನೆಗೆ ತರಬೇಕೆಂದು ಮೇಲೆ ಹೇಳಿದ ೨೦೨೦ರ ತೀರ್ಪು ತಿಳಿಸುತ್ತದೆ. ದೀರ್ಘತಮಸ್ಸು ಕೊಡದೆಹೋದ ಉತ್ತರದ ಒಂದು ಭಾಗವಾದರೂ ಪ್ರದ್ವೇಷಿಗೆ ಇದರಿಂದ ದೊರೆತಂತಾಯಿತು. ಇನ್ನೊಂದು ಭಾಗವು ದೀರ್ಘತಮಸ್ಸಿಗೇ ಸೇರತಕ್ಕದ್ದು. ಹೆಂಡತಿಯು ಬಿಟ್ಟಳೆಂದ ಮಾತ್ರಕ್ಕೆ ಅಶಕ್ತನನ್ನು ತೆಪ್ಪಕ್ಕೆ ಕಟ್ಟುವ ಅಧಿಕಾರವು ಮಕ್ಕಳಿಗೆ ಬರುವುದಿಲ್ಲ.

ಭರ್ತೃ, ಭಾರ್ಯೆ ಎಂಬ ಶಬ್ದಗಳನ್ನು ಪಾಠಶಾಲೆಗಳಲ್ಲಿ ವಿವರಿಸುವಾಗ,ಭರ್ತವ್ಯಶಬ್ದವನ್ನೂ ಜೊತೆಯಲ್ಲಿಯೇ ವಿವರಿಸುವುದು ಯುಕ್ತವೆಂದು ತೋರುತ್ತದೆ. ಆಗ ಪೋಷಣೆಯು ಗಂಡಿಗೆ ಅಂಟಿದ ಅಧಿಕಾರವಲ್ಲವೆಂದೂ, ಶಕ್ತಿಯೂ ಧನವೂ ಇರುವ ಕಡೆಯಿಂದ ಇಲ್ಲದ ಕಡೆಗೆ ಹರಿಯತಕ್ಕದ್ದೆಂದೂ ವಿದ್ಯಾರ್ಥಿಗಳಿಗೆ ಮನವರಿಕೆಯಾಗುವುದು. ಆಚಾರಾಧ್ಯಾಯದ ತ್ಯಾಗವಚನಕ್ಕೂ ದಾಯಪ್ರಕರಣದ ಭರ್ತವ್ಯವಚನಕ್ಕೂ ಇಲ್ಲಿ ಸೂಚಿಸಿರುವ ಸಂಬಂಧವನ್ನು ಮಿತಾಕ್ಷರೆಯಲ್ಲಿ ಕೃತಪರಿಶ್ರಮರಾದ ವಿದ್ವಾಂಸರು ಪರಿಶೀಲಿಸಿ, ಸಾಧಕಬಾಧಕಗಳನ್ನು ತಿಳಿಸುವರೆಂದು ನಂಬಿದ್ದೇನೆ.